ಚಂದ್ರನ ಮೇಲಿನ ಕುರಿಗಳಿಗೆ ಕೆಮ್ಮಣ್ಣು

ಸೇಲಂ, ಶೆವ್ವಾಪೇಟೆ
2-11-1969

ಅಪ್ಪನವರ ಪಾದಗಳಿಗೆ ಸಿದ್ದಲಕ್ಷ್ಮಿಯ ನಮಸ್ಕಾರ.

ಚಿತ್ತಿರೈ ತಿಂಗಳಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಮುಗಿಸಿ ಬಂದ ಸಂಜೆ ನಿಮಗೊಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಆಡಿ ತಿಂಗಳಲ್ಲಿ ಬರೆದದ್ದಕ್ಕೂ ಬರಲಿಲ್ಲ. ಆ ವಿಷಯವನ್ನು ಮತ್ತೆ ಎತ್ತಲು ಇದನ್ನು ಬರೆಯುತ್ತಿಲ್ಲ. ಒಂದು ಕಟ್ಟು ಕಳಿಸಿದ್ದೇನೆ, ಅದರ ವಿವರ ತಿಳಿಸಬೇಕಾಗಿದೆ.

ಬೆಳಗಿನ ಧರ್ಮಪುರಿ ಬಸ್ಸಿನಲ್ಲಿ ನಿಮಗೆ ತಮಿಳು ಪೇಪರ್ ತಂದು ಇಳಿಸುವ ಕಂಡಕ್ಟರ ಕೈಗೇ ಕೊಟ್ಟಿದ್ದೇನೆ. ಬಿಚ್ಚುವಾಗ ನೀರು ತಾಗದಂತೆ ನೋಡಿಕೊಳ್ಳಿ. ಒಳಗಿರುವುದು ಅಚ್ಚಾದ ಪಟವಲ್ಲ, ಕೈಯಲ್ಲಿ ಬರೆದ ಮೂಲ ಚಿತ್ರ. ನಮ್ಮ ಪ್ರೆಸ್ಸಿನಲ್ಲಿ ಜಾಹೀರಾತಿನ ಪೋಸ್ಟರ್ ಅಚ್ಚು ಹಾಕುವ ಮೊದಲು ದಪ್ಪ ರಟ್ಟಿನ ಮೇಲೆ ಹೀಗೆ ಬಣ್ಣದಲ್ಲಿ ಬರೆಯುತ್ತಾರೆ. ಅಚ್ಚು ಮುಗಿದ ಮೇಲೆ ಆ ರಟ್ಟನ್ನು ಯಾರೂ ಕೇಳುವುದಿಲ್ಲ. ಬಿಳಿ ಬಣ್ಣ ಬಳಿದು ಅದರ ಮೇಲೆಯೇ ಇನ್ನೊಂದು ಜಾಹೀರಾತು ಬರೆಯುತ್ತಾರೆ. ಇದಕ್ಕೆ ಬಿಳಿ ಬಳಿಯುವ ಮೊದಲು ನಾನು ಪ್ರೆಸ್ಸಿನ ಮಾಲೀಕರಾದ ಮುದಲಾಳಿಯನ್ನು ಕೇಳಿ ತೆಗೆದುಕೊಂಡೆ.

ಇದು ಧ್ರುವ ಬ್ಯಾಟರಿಯ ಜಾಹೀರಾತು. ಚಂದ್ರನ ಮೇಲೆ ನಿಂತವನೊಬ್ಬ ಟಾರ್ಚು ಹಾಕಿದ್ದಾನೆ. ಬೆಳಕು ಭೂಮಿಯವರೆಗೂ ಬಂದು ಒಂದು ಊರಿನ ಬಾವಿಯೊಳಗೆ ಬಿದ್ದಿದೆ. ಮೇಲ್ಗಡೆ ಖಾಲಿ ಬಿಟ್ಟಿರುವುದು ಮರೆತಲ್ಲ. ಅಕ್ಷರ ಕೂರಿಸಲು ಬಿಟ್ಟ ಜಾಗ. ಅಕ್ಷರವನ್ನು ಬೇರೆ ಕಾಗದದ ಮೇಲೆ ಬರೆದು ಅಚ್ಚಿನಲ್ಲಿ ಸೇರಿಸುತ್ತಾರೆ.

ಜುಲೈಯಲ್ಲಿ ಮನುಷ್ಯರು ಚಂದ್ರನ ಮೇಲೆ ಇಳಿದಾಗ ನೀವು ನಲ್ಲಂಪಳ್ಳಿ ಬಸ್ ನಿಲ್ದಾಣದಲ್ಲಿ ಪೇಪರ್ ಗಟ್ಟಿಯಾಗಿ ಓದಿದಿರಂತೆ, ಕೇಳಲು ಅದಿಯಮಾನ್‌ಕೋಟೆಯಿಂದಲೂ ಜನ ಬಂದಿದ್ದರಂತೆ. ಇಲ್ಲಿ ಸಂತೆಗೆ ಬಂದ ನಮ್ಮೂರವರು ಹೇಳಿದರು. ಈ ಚಿತ್ರ ನಿಮ್ಮ ಹತ್ತಿರ ಇರಬೇಕು ಅನ್ನಿಸಿತು.

ಅವ್ವನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು
ಸಿದ್ದಲಕ್ಷ್ಮಿ


ನಲ್ಲಂಪಳ್ಳಿ
24-11-1969

ಚಿ. ಸಿದ್ದಲಕ್ಷ್ಮಿಗೆ,

ಕಟ್ಟು ಬಂದು ಸೇರಿತು. ಮೂಲೆ ಮಡಚಿಲ್ಲ, ಬಣ್ಣ ಕೆಟ್ಟಿಲ್ಲ.

ಚಿತ್ರದ ಬಗ್ಗೆ ಕೆಲವು ಮಾತು. ಆಕಾಶಕ್ಕೆ ನೀಲಿ ಹಾಕಿದ್ದಾರೆ. ಚಂದ್ರನ ಮೇಲೆ ಗಾಳಿ ಇಲ್ಲ. ಆದ್ದರಿಂದ ಹಗಲಿನಲ್ಲೂ ಆಕಾಶ ಕಪ್ಪು ಎಂದು ಪತ್ರಿಕೆಗಳು ಒಂದೇ ಸಮನೆ ಬರೆದಿವೆ. ಟಾರ್ಚಿನ ಬೆಳಕು ಕೋಲಿನಂತೆ ಕಾಣಬೇಕಾದರೆ ಧೂಳು ಬೇಕು. ಅದೂ ಅಲ್ಲಿ ತೇಲುವುದಿಲ್ಲ. ಹೋದ ವಾರ ಎರಡನೆಯ ಸಲ ಇಬ್ಬರು ಇಳಿದರು. ಅವರ ಟೆಲಿವಿಷನ್ ಕ್ಯಾಮೆರಾ ಸೂರ್ಯನ ಕಡೆ ತಿರುಗಿ ಕೆಟ್ಟುಹೋಯಿತೆಂದು ವರದಿ. ಬಿಸಿಲು ಅಷ್ಟು ಕಟುವಾಗಿರುವಾಗ ಟಾರ್ಚಿನ ಅಗತ್ಯವೇ ಇಲ್ಲ ಎನ್ನಬಹುದು, ಆದರೆ ಬ್ಯಾಟರಿ ಮಾರುವವರಿಗೆ ಅದನ್ನು ಹೇಳುವಂತಿಲ್ಲ.

ತಪ್ಪು ಹುಡುಕಲು ಬರೆದದ್ದಲ್ಲ. ಕೈ ಚೆನ್ನಾಗಿದೆ. ಇದೇ ಪೋಸ್ಟರ್ ಇಲ್ಲಿ ಶೆಟ್ಟರ ಅಂಗಡಿಯ ಗೋಡೆಯ ಮೇಲಿದೆ. ಹೋಗಿ ಪಕ್ಕದಲ್ಲಿ ಹಿಡಿದು ನೋಡಿದೆ. ಅಚ್ಚಿನಲ್ಲಿ ಬೆರಳು ಬರೀ ಬೆರಳು. ಮೂಲದಲ್ಲಿ ಗೆಣ್ಣು ಕಾಣುತ್ತದೆ, ಉಗುರಿನ ಕೊಳೆಯೂ ಕಾಣುತ್ತದೆ. ಅಲ್ಲಿಗೆ ಹೋದವನು ಕೆಲಸ ಮಾಡುವ ಮನುಷ್ಯ ಎಂದು ಗೊತ್ತಾಗುತ್ತದೆ. ಇದನ್ನು ಬರೆದವರಿಗೆ ತಿಳಿಸಬಹುದು.

ನೀನು ಹುಟ್ಟಿದಾಗ ನಿನ್ನ ಹೆಸರಿಗೆ ಬಿಟ್ಟ ಕುರಿಯ ಸಂತತಿಯಲ್ಲಿ ಮತ್ತೆರಡು ಹೆಣ್ಣು ಮರಿ ಹುಟ್ಟಿವೆ. ನೆಲಕ್ಕೆ ಬಿದ್ದ ದಿನವೇ ನಿನ್ನ ಅವ್ವ ಬಲತೊಡೆಯ ಮೇಲೆ ಮೂರು ಬೆರಳು ಕೆಮ್ಮಣ್ಣು ಎಳೆದು ನಮ್ಮ ಗುರುತು ಹಾಕಿದ್ದಾಳೆ. ಅವನ್ನು ಮಾರುವ ಮಾತು ಯಾರೂ ಎತ್ತಿಲ್ಲ.

ಅಂಥ ರಟ್ಟುಗಳು ಇನ್ನೂ ಹಾಳಾಗುವಂತಿದ್ದರೆ ಬಿಳಿ ಬಳಿಯುವುದನ್ನು ತಡೆಯಲು ನೋಡು.

ಇತಿ
ಅಣ್ಣಯ್ಯಪ್ಪ


ಸೇಲಂ
18-1-1970

ಅಪ್ಪನವರಿಗೆ ಸಿದ್ದಲಕ್ಷ್ಮಿಯ ನಮಸ್ಕಾರ.

ಪೊಂಗಲಿಗೆ ಪ್ರೆಸ್ಸಿಗೆ ರಜೆ ಇತ್ತು. ನಿಮ್ಮ ಕಾಗದವನ್ನು ಮತ್ತೊಮ್ಮೆ ಓದಿ, ಚಿತ್ರ ಬರೆದ ನಮ್ಮವರಿಗೆ ತಮಿಳಿನಲ್ಲಿ ಹೇಳಿದೆ. ಉಗುರಿನ ಕೊಳೆಯ ಮಾತಿಗೆ ಅವರು ತಮ್ಮ ಉಗುರನ್ನೇ ತಿರುಗಿಸಿ ನೋಡಿಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಅಷ್ಟು ಹತ್ತಿರದಿಂದ ನೋಡಿಲ್ಲವಂತೆ. ಜಾಹೀರಾತು ಬರೆಯುವುದೇ ಓಡುವ ಬಸ್ಸಿನಿಂದ ಕಾಣಲಿ ಎಂದು. ನೀಲಿ ಆಕಾಶದ ತಪ್ಪನ್ನು ಒಪ್ಪಿಕೊಂಡರು. ಇನ್ನು ಮುಂದೆ ಕಪ್ಪೇ ಎಂದಿದ್ದಾರೆ.

ಇನ್ನೆರಡು ಕಳಿಸಿದ್ದೇನೆ. ಒಂದು ಹಲ್ಲುಪುಡಿಯದು. ಬೆಟ್ಟದಷ್ಟು ದೊಡ್ಡ ರಾಕ್ಷಸ ಬಾಯಿ ತೆರೆದಿದ್ದಾನೆ. ಅವನ ಹಲ್ಲುಗಳು ಬಿಳಿ ಮಹಡಿಮನೆಗಳು. ಜನ ಏಣಿ ಹಾಕಿಕೊಂಡು ಸುಣ್ಣ ಹೊಡೆದಂತೆ ಹಲ್ಲು ತಿಕ್ಕುತ್ತಿದ್ದಾರೆ. ಇನ್ನೊಂದು ಪಂಪ್‌ಸೆಟ್ಟಿನದು. ಮಂಗಳ ಗ್ರಹದ ಕಾಲುವೆಯಿಂದ ಪೈಪು ಎಳೆದು ಕೆಳಗೆ ಒಣನೆಲಕ್ಕೆ ನೀರು ಬಿಟ್ಟಿದ್ದಾರೆ. ಆ ಒಣನೆಲ ನಮ್ಮದೇ. ನಲ್ಲಂಪಳ್ಳಿಯ ದಾರಿಯನ್ನೂ ಆ ಜಾಲಿಮರಗಳನ್ನೂ ನಾನೇ ಹೇಳಿ ಬರೆಸಿದೆ. ನಮ್ಮ ಹಟ್ಟಿಯೂ ಸಣ್ಣದಾಗಿ ಇದೆ, ಹುಡುಕಿ ನೋಡಿ.

ಮೂಲ ಚಿತ್ರದ ಬಣ್ಣ ನೀರಿನಲ್ಲಿ ಕಲಸಿದ್ದು. ಒದ್ದೆ ಕೈ ತಾಗಿದರೂ ಎದ್ದುಬರುತ್ತದೆ. ಅವ್ವನಿಗೂ ಹೇಳಿ.

ಅವ್ವನ ಮೊಣಕಾಲು ಹೇಗಿದೆ?

ನಿಮ್ಮ
ಸಿದ್ದಲಕ್ಷ್ಮಿ


ನಲ್ಲಂಪಳ್ಳಿ
20-4-1970

ಚಿ. ಸಿದ್ದಲಕ್ಷ್ಮಿಗೆ,

ಮೂವರೂ ಬದುಕಿ ಬಂದರು. ನಿನಗೂ ಗೊತ್ತಿರುತ್ತದೆ. ಅವರ ವಾಹನ ದಾರಿಯಲ್ಲಿ ಕೆಟ್ಟು, ಚಂದ್ರನ ಮೇಲೆ ಇಳಿಯಲಾಗದೆ ಬರೀ ಸುತ್ತಿಕೊಂಡು ಹಿಂದಿರುಗಿತು. ಆ ದಿನಗಳಲ್ಲಿ ಎಲ್ಲ ಪೇಪರೂ ಕಟ್ಟು ಬಿಚ್ಚುವುದರೊಳಗೆ ಖರ್ಚಾಗುತ್ತಿತ್ತು. ನನ್ನ ಓದುವ ಪ್ರತಿಯನ್ನೂ ಕೊಟ್ಟುಬಿಟ್ಟು ಬೇರೆಯವರ ಹೆಗಲ ಮೇಲಿಂದ ಇಣುಕಿ ಓದಿದೆ. ಸುದ್ದಿ ಕೇಳಿದ ನಿನ್ನ ಅವ್ವ ಒಲೆಯ ಮುಂದಿಂದಲೇ ಒಂದು ಮಾತು ಹೇಳಿದಳು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಚಂದ್ರನ್ ತಾವ್ಕೆ ಓಗಿದ್ದೋರೇ ಮನೆಗೆ ಬಂದವ್ರೆ. ಸೇಲಮ್ಮು ಅದ್ಕಿಂತ ದೂರಾನಾ?"

ನಾನು ಕುರಿ ನೋಡಲು ಎದ್ದುಹೋದೆ.

ಚಿತ್ರಗಳ ಬಗ್ಗೆ. ಮಣ್ಣಿನ ಗೋಡೆಗೆ ಒರಗಿಸಿದರೆ ಗೆದ್ದಲು ಬರುತ್ತದೆ. ಆದ್ದರಿಂದ ಜಂತಿಯಿಂದ ಉಣ್ಣೆಯ ಹುರಿಯಲ್ಲಿ ಇಳಿಬಿಟ್ಟಿದ್ದೇನೆ. ಗಾಳಿ ಬಂದರೆ ರಾಕ್ಷಸ ತಿರುಗುತ್ತಾನೆ. ಸಂಜೆ ಪೇಪರ್ ಓದಲು ಬರುವವರು ಈಗ ಚಿತ್ರ ನೋಡಲೂ ಬರುತ್ತಾರೆ. ಪಂಪ್‌ಸೆಟ್ಟಿನ ಚಿತ್ರದ ಬಗ್ಗೆ ನಿನ್ನ ಸೋದರಮಾವ ನಂಜಯ್ಯನ ಅಭಿಪ್ರಾಯ: ಪೈಪು ಎಳೆದರೂ ನಮ್ಮೂರಿಗೆ ನೀರು ಬರುವುದಿಲ್ಲ, ಮಧ್ಯದಲ್ಲೇ ಸೇಲಂನವರು ತಿರುಗಿಸಿಕೊಳ್ಳುತ್ತಾರೆ. "ಸೇಲಮ್‌ನೋರು ನಮ್ಮನೇದ್ನ ತಿರುಗಿಸ್ಕೊಳ್ಳೋದು ಒಸ್ದಾ ಬಾವ?" ಎಂದು ಸೇರಿಸಿದ. ತನ್ನ ಮಗನಿಗೆ ನಿನ್ನನ್ನು ಕೇಳಿ ಸಿಕ್ಕಲಿಲ್ಲವೆಂಬ ನೋವು ಅವನಿಗೆ ಇನ್ನೂ ಇದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಅವನನ್ನು ಬಯ್ಯಲೂ ಇಲ್ಲ.

ಹಟ್ಟಿ ಸಿಕ್ಕಿತು. ಬಾಗಿಲು ಪಡುವಲಕ್ಕೆ ಬರೆದಿದ್ದಾರೆ, ನಮ್ಮದು ಮೂಡಲಕ್ಕೆ. ನೀನು ಮರೆತೆಯೋ ಅವರು ಮರೆತರೋ ತಿಳಿಯದು.

ಹೊಸದಾಗಿ ಒಂದನ್ನು ನಾನೇ ಸಂಪಾದಿಸಿದ್ದೇನೆ. ಹರೂರಿನ ಸೋಡಾ ಅಂಗಡಿಯಲ್ಲಿ ರೆಕ್ಕೆ ಇರುವ ಮೀನು ಸೋಡಾ ಬಾಟಲಿಯನ್ನು ಹೊತ್ತು ಮೋಡದ ಮೇಲೆ ಹಾರುವ ಚಿತ್ರವಿದೆ ಎಂದು ಕೇಳಿ ಬಸ್ಸು ಹತ್ತಿ ಹೋದೆ. ಅಚ್ಚಲ್ಲ, ಮೂಲವೇ. ಅಂಗಡಿಯವನು ಅದನ್ನು ಒಲೆಗೆ ಗಾಳಿ ಬೀಸಲು ಇಟ್ಟುಕೊಂಡಿದ್ದ. ಒಂದು ಹೊಸ ಕಂಬಳಿ ಕೊಟ್ಟು ತಂದೆ. ನಿನ್ನ ಅವ್ವ ಅದಕ್ಕೆ ಏನಂದಳು ಎಂಬುದನ್ನು ಬರೆಯುವುದಿಲ್ಲ. ನನ್ನ ನಿಯಮ ಈಗ ಇಷ್ಟು: ಅಚ್ಚಾದದ್ದು ಬೇಡ, ಅಕ್ಷರ ಬಿದ್ದದ್ದು ಬೇಡ, ಯಾರೂ ಮೇಲೆ ಕೈಯಾಡಿಸಿದ್ದು ಬೇಡ. ಬರೆದವನು ಕುಂಚ ಕೆಳಗಿಟ್ಟಾಗ ಹೇಗಿತ್ತೋ ಹಾಗೆ ಇರಬೇಕು.

ಹರೂರಿನದು ಬೇರೆ ಕೈ. ರೇಖೆ ಒರಟು, ಬಣ್ಣ ಅವಸರದ್ದು. ನಿನ್ನಲ್ಲಿಂದ ಬಂದವುಗಳ ಕೈ ನನಗೆ ಈಗ ದೂರದಿಂದಲೇ ಗೊತ್ತಾಗುತ್ತದೆ.

ಇತಿ
ಅಣ್ಣಯ್ಯಪ್ಪ


ಸೇಲಂ
28-6-1970

ಅಪ್ಪನವರಿಗೆ ಸಿದ್ದಲಕ್ಷ್ಮಿಯ ನಮಸ್ಕಾರ.

ಬಾಗಿಲು ಮರೆತದ್ದು ನಾನಲ್ಲ. ಮೂಡಲಕ್ಕೆ ಎಂದೇ ಹೇಳಿದ್ದೆ. ಬೆಳಕು ಆ ಕಡೆಯಿಂದ ಬಂದರೆ ಚೆನ್ನ ಎಂದು ಅವರು ತಿರುಗಿಸಿದರು. ನಿಮ್ಮ ಕಾಗದ ಬಂದ ಮೇಲೆ ನಾನು ಗೆದ್ದೆ.

ಈಗ ಒಂದು ಸಹಾಯ ಬೇಕು. ಧರ್ಮಪುರಿಯ ಕಂಬಳಿ ವ್ಯಾಪಾರಿ ರಾಮಚಂದ್ರಪ್ಪನವರು ಪೋಸ್ಟರ್ ಕೇಳಿದ್ದಾರೆ. ಎಲ್ಲ ಊರಿನ ಗೋಡೆಗೂ ಅಂಟಿಸುತ್ತಾರಂತೆ. ಚಂದ್ರನ ಮೇಲೆ ವಿಪರೀತ ಚಳಿ ಎಂದು ಪೇಪರಿನಲ್ಲಿ ಬಂದದ್ದನ್ನೇ ಹಿಡಿದುಕೊಂಡು ನಮ್ಮವರು ಚಿತ್ರ ಮಾಡಿದ್ದಾರೆ. ಕಪ್ಪು ಆಕಾಶ, ಕೆಳಗೆ ಗುಂಡಿ ಗುಂಡಿಯಾದ ಚಂದ್ರನ ನೆಲ, ಅದರ ಮೇಲೆ ಮೇಯುವ ಕುರಿಮಂದೆ. ನಮ್ಮ ಕುರಿಗಾಹಿಯೊಬ್ಬ ಕಂಬಳಿಯ ಕೊಪ್ಪೆ ಹಾಕಿಕೊಂಡು ಕೋಲಿಗೆ ಒರಗಿ ನಿಂತಿದ್ದಾನೆ. ಹಿಂದೆ ರಾಕೆಟ್ಟು. ಇದುವರೆಗೆ ಅವರು ಬರೆದದ್ದರಲ್ಲೆಲ್ಲ ಇದೇ ಚೆಂದ ಎಂದು ನನಗೆ ಅನ್ನಿಸುತ್ತದೆ.

ಆದರೆ ಕೊಪ್ಪೆ ಸರಿಯಾಗಿದೆಯೋ ಇಲ್ಲವೋ ಅವರಿಗೆ ಅನುಮಾನ. ನಾನೇ ಕಂಬಳಿ ಹೊದ್ದು ನಿಂತು ತೋರಿಸಿದೆ. ಆದರೂ, ಅಚ್ಚಾಗುವ ಮೊದಲು ನಿನ್ನ ಅಪ್ಪ ಒಮ್ಮೆ ನೋಡಲಿ ಎಂದರು. ಹಾಗಾಗಿ ಮೂಲವನ್ನೇ ಕಳಿಸಿದ್ದೇನೆ. ಇದು ಇಟ್ಟುಕೊಳ್ಳಲು ಅಲ್ಲ. ನೋಡಿ, ತಪ್ಪುಗಳನ್ನು ಬೇರೆ ಕಾಗದದಲ್ಲಿ ಬರೆದು, ಚಿತ್ರವನ್ನು ಅದೇ ಕಂಡಕ್ಟರ ಕೈಯಲ್ಲಿ ಹಿಂದೆ ಕಳಿಸಿ. ಮುದಲಾಳಿಗೆ ಈ ವಿಷಯ ಗೊತ್ತಿಲ್ಲ.

ಅವ್ವನಿಗೆ ಹೇಳಿ, ಇಲ್ಲಿ ಹುಣಸೆ ಚಿಗುರು ಸಿಗುವುದಿಲ್ಲ. ಅನ್ನ ಬೇಯುವ ವಾಸನೆ ಆಗುತ್ತಿಲ್ಲ. ಹುಳಿ ಏನಿದ್ದರೂ ಕಳಿಸಬಹುದು.

ನಿಮ್ಮ
ಸಿದ್ದಲಕ್ಷ್ಮಿ


ನಲ್ಲಂಪಳ್ಳಿ
12-7-1970

ಚಿ. ಸಿದ್ದಲಕ್ಷ್ಮಿಗೆ,

ಒಂದು ಅಚಾತುರ್ಯ ನಡೆದಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಚಿತ್ರ ಬಂದ ದಿನ ಜಂತಿಯಿಂದ ಇಳಿಬಿಟ್ಟು ನೋಡಿದೆ. ಕೊಪ್ಪೆ ಸರಿಯಾಗಿದೆ. ಕೋಲನ್ನು ಮಾತ್ರ ಅಷ್ಟು ಮುಂದಕ್ಕೆ ಊರಿ ಯಾರೂ ಒರಗುವುದಿಲ್ಲ, ಕಂಕುಳಿಗೆ ಕೊಟ್ಟು ಒರಗುತ್ತಾರೆ. ಅದನ್ನು ಬರೆದಿಟ್ಟುಕೊಂಡು ಪೇಪರ್ ಹಂಚಲು ಹೋದೆ. ಬಂದು ನೋಡಿದರೆ ಚಿತ್ರದ ಎಲ್ಲ ಕುರಿಗಳ ಬಲತೊಡೆಯ ಮೇಲೂ ಮೂರು ಗೆರೆ ಕೆಮ್ಮಣ್ಣು. ಬಲತೊಡೆ ಕಾಣದ ಕುರಿಗಳಿಗೆ ಬೆನ್ನಿನ ಮೇಲೆ. ನಿನ್ನ ಅವ್ವ ಮರಿಗಳಿಗೆ ಗುರುತು ಹಾಕಿ ಒಳಗೆ ಬಂದವಳು, ಕೈ ತೊಳೆಯುವ ಮೊದಲೇ ಇವಕ್ಕೂ ಹಾಕಿದ್ದಾಳೆ. ಚಿತ್ರದ ಕುರಿ ಸಣ್ಣದಾದ್ದರಿಂದ ಬೆರಳಿನ ಬದಲು ಕಡ್ಡಿ ಬಳಸಿದ್ದಾಳೆ. ಮುಂದಿನ ದೊಡ್ಡ ಕುರಿಗೆ ಮಾತ್ರ ಬೆರಳೇ.

ಹುಚ್ಚು ಹಿಡಿದಿದೆಯಾ ಎಂದು ಕೇಳಿದೆ. ಅವಳು ಶಾಂತವಾಗಿಯೇ ಇದ್ದಳು.

"ಗುರುತಿಲ್ದ ಕುರೀನ ಬಯಲ್ಗೆ ಬುಟ್ರೆ ಯಾರ್ ಬೇಕಾದ್ರೂ ಒಡ್ಕೊಂಡೋಯ್ತಾರೆ."

"ಅದು ಚಿತ್ರ ಕಣೇ."

"ಚಿತ್ರಾನೇ. ನಮ್ಮುಡುಗಿ ಮನೇಲಿ ಬರ್ದಿದ್ದು. ಊರೂರು ಗೋಡೆ ಮೇಲೆ ನಿಂತ್ಕೊಳ್ಳೋ ಕುರಿ. ಯಾರ್ ಮನೇವು ಅಂತ ಗೊತ್ತಾಗ್ಬೇಡ್ವಾ?"

ಒದ್ದೆ ಬಟ್ಟೆಯಲ್ಲಿ ಒಂದರ ಮೇಲೆ ಒರೆಸಲು ನೋಡಿದೆ. ಕೆಮ್ಮಣ್ಣಿನ ಜತೆ ಕುರಿಯ ಬಣ್ಣವೂ ಎದ್ದಿತು. ಅಲ್ಲಿಗೇ ನಿಲ್ಲಿಸಿದೆ. ಆ ಕಲೆ ನನ್ನದು, ನಿನ್ನ ಅವ್ವ ಗುಂಡಮ್ಮನದಲ್ಲ.

ಯಾರೂ ಕೈಯಾಡಿಸಿರಬಾರದು ಎಂದು ನಿಯಮ ಮಾಡಿಕೊಂಡ ನನ್ನ ಮನೆಯಲ್ಲೇ ಹೀಗಾಯಿತು. ಇದರಿಂದ ಬರೆದವರ ಕೆಲಸಕ್ಕೆ ತೊಂದರೆಯಾದರೆ ಏನು ಮಾಡಬೇಕೋ ತಿಳಿಯದು. ಮತ್ತೆ ಬರೆಯುವುದಾದರೆ ರಟ್ಟಿನ ಖರ್ಚು, ಬಣ್ಣದ ಖರ್ಚು ನನ್ನದು. ಅವರಿಗೆ ನನ್ನ ಕ್ಷಮಾಪಣೆ ತಿಳಿಸು. ಇದನ್ನು ಕಾಗದದಲ್ಲಿ ಬರೆಯುವುದು ಸಾಲದು ಎಂದು ಗೊತ್ತಿದೆ.

ಹುಣಸೆ ಚಿಗುರು ಒಣಗಿಸಿದ್ದು ಇದೆ, ಮಾವಿನಕಾಯಿ ಉಪ್ಪಿನಕಾಯಿ ಇದೆ, ಜತೆಗೆ ಕಟ್ಟಿದ್ದೇನೆ. ಎಷ್ಟನೆಯ ತಿಂಗಳು ಎಂದು ನಿನ್ನ ಅವ್ವ ಕೇಳುತ್ತಾಳೆ.

ಇತಿ
ಅಣ್ಣಯ್ಯಪ್ಪ


ಸೇಲಂ
16-8-1970

ಅಪ್ಪನವರಿಗೂ ಅವ್ವನಿಗೂ ಸಿದ್ದಲಕ್ಷ್ಮಿಯ ನಮಸ್ಕಾರ.

ಕಟ್ಟನ್ನು ಬಿಚ್ಚಿ ಚಿತ್ರವನ್ನು ನೇರ ಅವರ ಕೈಗೇ ಕೊಟ್ಟೆ. ಅವರು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ನೋಡಿದರು. ಈ ಮೂರು ಗೆರೆ ಏನು ಎಂದು ಕೇಳಿದರು. ಅದು ನಮ್ಮ ಮನೆಯ ಗುರುತು, ಮನೆಯ ಕುರಿಗೆ ಮಾತ್ರ ಹಾಕುತ್ತಾರೆ ಎಂದೆ. ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಕೋಲನ್ನು ಕಂಕುಳಿಗೆ ತಿದ್ದಿದರು, ನೀವು ಒರೆಸಿದ ಕುರಿಗೆ ಉಣ್ಣೆ ಸರಿಮಾಡಿದರು. ಕೆಮ್ಮಣ್ಣನ್ನು ಮುಟ್ಟಲಿಲ್ಲ.

ಮುದಲಾಳಿ ನೋಡಿ ಇದೇನು ಎಂದು ಗದರಿದರು. ಅಷ್ಟರಲ್ಲಿ ರಾಮಚಂದ್ರಪ್ಪನವರೇ ಪ್ರೆಸ್ಸಿಗೆ ಬಂದರು. ಅವರು ಕುರಿ ಕಂಡವರು. ಇದುವರೆಗೆ ಪೇಟೆಯವರು ಬರೆದ ಕುರಿಗಳೆಲ್ಲ ನಾಯಿಯ ಹಾಗಿದ್ದವು, ಇದೊಂದು ಯಾರದೋ ಮನೆಯ ಕುರಿಯ ಹಾಗಿದೆ ಎಂದರು. ಕೆಮ್ಮಣ್ಣಿಗೆಂದೇ ಇನ್ನೊಂದು ಕೆಂಪು ಕೂಡಿಸಿ ಅಚ್ಚು ಹಾಕುತ್ತಿದ್ದಾರೆ. ಅವ್ವನ ಬೆರಳಿನ ರೇಖೆ ಕೂಡ ಅಚ್ಚಿನಲ್ಲಿ ಬರುತ್ತದೆ.

ಮೂಲ ಚಿತ್ರ ನಮ್ಮ ಮನೆಯಲ್ಲೇ ಇದೆ. ನಿಮ್ಮ ಸಂಗ್ರಹಕ್ಕೆ ಸೇರಬೇಕಾದದ್ದು. ಆದರೆ ಇದನ್ನು ಬಸ್ಸಿನಲ್ಲಿ ಕಳಿಸಲು ನಮ್ಮವರು ಒಪ್ಪುವುದಿಲ್ಲ. "ಬೇಕಾದವರು ಬಂದು ಕೈಯಾರೆ ತೆಗೆದುಕೊಂಡು ಹೋಗಲಿ" ಎಂದರು. ಕೋಪದಿಂದ ಹೇಳಿದ್ದಲ್ಲ.

ಅವ್ವ ಕೇಳಿದ್ದಕ್ಕೆ ಉತ್ತರ: ಐಪ್ಪಸಿ ತಿಂಗಳಲ್ಲಿ, ದೀಪಾವಳಿ ಕಳೆಯುವಷ್ಟರಲ್ಲಿ, ಏಳು ತುಂಬುತ್ತದೆ. ಏಳರಲ್ಲಿ ಬಳೆ ತೊಡಿಸಿ ಕರೆದುಕೊಂಡು ಹೋಗಲು ತವರಿನಿಂದ ಯಾರು ಬರುತ್ತಾರೆ ಎಂದು ಮನೆಯ ಮಾಲೀಕರ ಹೆಂಡತಿ ಚೆಲ್ಲಮ್ಮ ದಿನಾ ಕೇಳುತ್ತಾರೆ. ನಮ್ಮಪ್ಪ ಪೇಪರಿನವರು, ಅವರಿಗೆ ಒಂದು ದಿನವೂ ಬಿಡುವಿಲ್ಲ ಎಂದಿದ್ದೇನೆ. ಯಾರೂ ಬರದಿದ್ದರೆ ಇಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಒಳ್ಳೆಯ ನರ್ಸುಗಳಿದ್ದಾರೆ. ಅದರ ಬಗ್ಗೆ ಯೋಚನೆ ಬೇಡ.

ಉಪ್ಪಿನಕಾಯಿ ಮುಗಿದಿದೆ.

ನಿಮ್ಮ
ಸಿದ್ದಲಕ್ಷ್ಮಿ


ನಲ್ಲಂಪಳ್ಳಿ
18-10-1970

ಚಿ. ಸೌ. ಸಿದ್ದಲಕ್ಷ್ಮಿಗೆ ಅಪ್ಪನ ಆಶೀರ್ವಾದ.

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ. ಓದಿದರೆ ತಿಳಿಯುತ್ತದೆ.

ಪೋಸ್ಟರ್ ಕಳೆದ ತಿಂಗಳ ಕೊನೆಗೆ ಬಂತು. ಧರ್ಮಪುರಿ ಬಸ್ ನಿಲ್ದಾಣದಲ್ಲಿ ಸಾಲಾಗಿ ಅಂಟಿಸಿದ್ದಾರೆ, ಅದಿಯಮಾನ್‌ಕೋಟೆಯ ತಿರುವಿನಲ್ಲಿ ಇದೆ, ನಮ್ಮ ಶೆಟ್ಟರ ಗೋಡೆಯ ಮೇಲೆ ಟಾರ್ಚಿನವನನ್ನು ಮುಚ್ಚಿ ಅಂಟಿಸಿದ್ದಾರೆ. ಅಕ್ಷರವನ್ನು ಯಾರೂ ಓದುವುದಿಲ್ಲ. ಗುರುತನ್ನು ಎಲ್ಲರೂ ಓದಿದರು. ಹರೂರಿನ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದವರು ಕೂಡ ಬಂದು ಕೇಳಿದರು, ನಿಮ್ಮ ಕುರಿ ಚಂದ್ರನ ಮೇಲೆ ಮೇಯಲು ಹೋಗಿವೆಯಂತಲ್ಲ ಎಂದು.

ನಗುವಿನಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ಗುರುತು ಎಂದರೆ ಏನೆಂದು ನಿನಗೆ ಗೊತ್ತು. ನಮ್ಮ ಮನೆಯ ಗುರುತು ಬೇರೆಯವರ ಕುರಿಗೆ ಬೀಳುವಂತಿಲ್ಲ. ಬಿದ್ದರೆ ಅದು ಕಳವು. ಹೋದ ಭಾನುವಾರ ಕುಲದ ಯಜಮಾನ ಎಲ್ಲಪ್ಪನವರು ವೀರಭದ್ರನ ಗುಡಿ ಕಟ್ಟೆಗೆ ಕರೆಸಿದರು. ನಂಜಯ್ಯನೇ ಎತ್ತಿದ್ದು ಎಂದು ಕೇಳಿದೆ. ಅವನು ಮುಂದೆಯೇ ಕುಳಿತಿದ್ದ.

"ಬಾವ, ಕುರಿ ನಿಮ್ದೇನಾ, ಇಲ್ಲ ಕಂಡೋರ ಕುರಿಗೆ ನಮ್ಮಕ್ಕ ಕೆಮ್ಮಣ್ ಬಳುದ್ಲಾ?" ಎಂದ.

ಎಲ್ಲಪ್ಪನವರು ಅವನನ್ನು ಸುಮ್ಮನಿರಿಸಿದರು. "ಲೇ ಅಣ್ಣಯ್ಯ, ತಮಾಸೆ ಬುಡು. ಬರ್ದೋನು ಒರಗ್ನೋನಾದ್ರೆ ಗುಂಡಮ್ಮ ಮಾಡಿದ್ದು ತಪ್ಪು. ಗುಡೀಗೆ ತಪ್‌ಕಾಣಿಕೆ ಕಟ್ಬೇಕು. ನಿಮ್ಮನೆಯೋನೇ ಆದ್ರೆ ನಾವ್ ಕೇಳೋದು ಏನೂ ಇಲ್ಲ, ಅವಳ್ ಕೆಲ್ಸ ಅವಳ್ ಮಾಡವ್ಳೆ. ಯಾವ್ದು ಅಂತ ಏಳು."

ನಿನ್ನ ಅವ್ವ ಹೆಂಗಸರ ಕಡೆ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ಸೆರಗಿನ ಅಂಚಿಗೆ ಅಂಟಿದ ಹುಲ್ಲು ಕೀಳುತ್ತಿದ್ದಳು. ಒಂದೂವರೆ ವರ್ಷದಿಂದ ನಾನು ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಅವಳು ಅದನ್ನು ಜುಲೈಯಲ್ಲೇ ಕಡ್ಡಿ ಹಿಡಿದು ಹೇಳಿ ಮುಗಿಸಿದ್ದಳು. ನಾನು ಒರೆಸಲು ಹೋಗಿದ್ದೆ.

"ನಮ್ಮನೆಯೋನು" ಎಂದೆ. "ನನ್ನ ಅಳಿಯ."

"ಎಸ್ರೇನು?" ಎಂದರು ಎಲ್ಲಪ್ಪನವರು.

ನೀನು ಯಾವ ಕಾಗದದಲ್ಲೂ ಗಂಡನ ಹೆಸರು ಬರೆದವಳಲ್ಲ, ಬರೆಯಲೂಬಾರದು. ನಾನು ಯಾರನ್ನೂ ಕೇಳಿದವನಲ್ಲ. ಆದರೆ ಪ್ರತಿ ಚಿತ್ರದ ಬಲಮೂಲೆಯಲ್ಲಿ ಅದು ಇದೆ, ತಮಿಳಿನಲ್ಲಿ, ಸಾಸಿವೆಯಷ್ಟು ಸಣ್ಣದಾಗಿ. ಬಂದ ದಿನದಿಂದ ದಿನವೂ ಓದಿದ್ದೇನೆ. ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ: ಕಾಳಿಯಪ್ಪನ್.

ನಂಜಯ್ಯ, "ಅಂಗಾದ್ರೆ ರಾಕೆಟ್ಟೂ ನಿಮ್ದೇನಾ ಬಾವ?" ಎಂದ. ಈ ಸಲ ನಾನೂ ನಕ್ಕೆ. ನಿನ್ನ ಅವ್ವ "ಮೂರ್ ಬೆರಳ್ಗೆ ಇಷ್ಟ್ ಮಾತಾ" ಎಂದು ಕುರಿ ಕೂಡಿಹಾಕಲು ಹೊರಟುಹೋದಳು.

ದೀಪಾವಳಿ ಕಳೆದ ಮೇಲೆ ಬರುವ ಬುಧವಾರ ನಾನೂ ಅವಳೂ ಬೆಳಗಿನ ಬಸ್ಸಿಗೆ ಬರುತ್ತೇವೆ. ಪೇಪರ್ ಹಂಚುವುದನ್ನು ನಂಜಯ್ಯ ನೋಡಿಕೊಳ್ಳುತ್ತಾನೆ, ತಾನೇ ಹೇಳಿದ. ಬಳೆ ತರುತ್ತೇವೆ. ನಿಮ್ಮ ಮದುವೆಯಲ್ಲಿ ಗದ್ದಿಗೆಗೆ ಹಾಸಬೇಕಾಗಿದ್ದ ಕರಿಕಂಬಳಿ ಪೆಟ್ಟಿಗೆಯಲ್ಲೇ ಇದೆ, ಅದನ್ನೂ ತರುತ್ತೇವೆ. ಇಬ್ಬರೂ ಅದರ ಮೇಲೆ ಕುಳಿತು ಬಳೆಶಾಸ್ತ್ರ ಆಗಲಿ. ಹಿಂದಿರುಗುವಾಗ ನಿನ್ನನ್ನೂ ಮೂಲ ಚಿತ್ರವನ್ನೂ ಕರೆದುಕೊಂಡು ಬರುತ್ತೇವೆ. ಅಳಿಯಂದಿರಿಗೆ ರಜೆ ಸಿಕ್ಕರೆ ಅವರೂ ಬರಲಿ. ಬಾಗಿಲು ಯಾವ ಕಡೆಗಿದೆ ಎಂದು ಕಣ್ಣಾರೆ ನೋಡಿದ ಹಾಗಾಗುತ್ತದೆ.

ನಿನ್ನ ಅಪ್ಪ
ಅಣ್ಣಯ್ಯಪ್ಪ


ಸೇಲಂ
21-10-1970

ಮಾವನವರಿಗೂ ಅತ್ತೆಯವರಿಗೂ ಕಾಳಿಯಪ್ಪನ್ ನಮಸ್ಕಾರ ಮಾಡಿ ಬರೆಯುವುದು.

ಈ ಕಾಗದ ನನ್ನ ಕೈಯದೇ. ನಾನು ತಮಿಳಿನಲ್ಲಿ ಹೇಳುತ್ತೇನೆ, ಸಿದ್ದಲಕ್ಷ್ಮಿ ಸೀಸದ ಕಡ್ಡಿಯಲ್ಲಿ ಕನ್ನಡ ಮಾಡಿ ಬರೆಯುತ್ತಾಳೆ, ಅದರ ಮೇಲೆ ನಾನು ಮಸಿಯಲ್ಲಿ ತಿದ್ದುತ್ತೇನೆ. ಬೆಂಗಳೂರಿನ ಊದುಬತ್ತಿ ಪೊಟ್ಟಣಗಳಿಗೆ ಬರೆದು ಬರೆದು ಕನ್ನಡ ಅಕ್ಷರ ದುಂಡಗೆ ಬರುತ್ತದೆ. ಓದಲು ಬರುವುದಿಲ್ಲ. ನಡುವೆ ಆಕೆ ತನ್ನ ಮಾತು ಏನಾದರೂ ಸೇರಿಸಿದ್ದರೆ ನನಗೆ ತಿಳಿಯದು. ನಾನು ಬೀಡಿ ಬಹಳ ಸೇದುತ್ತೇನೆ, ಹೆಂಡತಿ ಹೇಳಿದರೆ ಕೇಳುವುದಿಲ್ಲ, ನೀವು ಬಂದಾಗ ಗದರಿಸಬೇಕು.

ನಿಮ್ಮ ಕಾಗದವನ್ನು ಆಕೆ ಓದಿ ಹೇಳಿದಳು. ಕಟ್ಟೆಯ ಭಾಗವನ್ನು ಎರಡು ಸಲ ಹೇಳಿಸಿದೆ. ಮಾತಿಗೆ ಜಾಗ ಬಿಡುವುದು ನನ್ನ ಕೆಲಸ, ಮಾತು ಕೂರಿಸುವುದು ಬೇರೆಯವರದು. ರಜೆ ಕೇಳಿದ್ದೇನೆ, ಸಿಕ್ಕಿದೆ.

ಮೂಲ ಚಿತ್ರಕ್ಕೆ ತೆಳು ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅದರ ಜತೆ ಇನ್ನೊಂದು ಇದೆ. ಯಾವ ಕಂಪನಿಗೂ ಅಲ್ಲ, ಹುಟ್ಟುವ ಮಗುವಿನ ತೊಟ್ಟಿಲ ಮೇಲೆ ಕಟ್ಟಲು. ಆಕಾಶ ಕಪ್ಪು, ಕೆಳಗೆ ನಿಮ್ಮ ಹಟ್ಟಿಯ ಬಾಗಿಲು ಮೂಡಲಕ್ಕೆ. ನಕ್ಷತ್ರಗಳ ನಡುವೆ ಒಂದು ಹೆಣ್ಣು ಕುರಿ, ಅದರ ಹಿಂದೆ ಈಗತಾನೆ ಹುಟ್ಟಿದ ಮರಿ. ತಾಯಿ ಕುರಿಗೆ ಗುರುತು ನಾನೇ ಹಾಕಿ ನೋಡಿದೆ, ಬಣ್ಣದ ಹಾಗೆ ಕಂಡಿತು, ಗುರುತಿನ ಹಾಗೆ ಕಾಣಲಿಲ್ಲ, ತೆಗೆದುಬಿಟ್ಟೆ. ಮರಿಯನ್ನು ಮುಟ್ಟಲಿಲ್ಲ. ಎರಡೂ ಈಗ ಬರಿ ಮೈಯಲ್ಲಿ ನಿಂತಿವೆ.

ಬುಧವಾರ ಬರುವಾಗ ಅತ್ತೆಯವರು ಸ್ವಲ್ಪ ಕೆಮ್ಮಣ್ಣು ತರಬೇಕು.

ನಿಮ್ಮ ಮನೆಯ
ಕಾಳಿಯಪ್ಪನ್